ಓದುಗರ ಪ್ರಶ್ನೆ: ರೇಸಿಂಗ್ ತಂಡದ ನಿರ್ವಹಣೆ

ಪ್ರಶ್ನೆ: ಉತ್ತಮ ಚಾಲಕ, ವೇಗದ ಕಾರು ಎರಡೂ ಇದ್ದರೂ ಕೆಲವು ಮೋಟಾರು ರೇಸಿಂಗ್ ತಂಡಗಳು ಸೋಲುವುದೇಕೆ? ವ್ಯವಸ್ಥಾಪಕರು ಯಾವುದಕ್ಕೆ ಮೊದಲು ಗಮನ ಕೊಡಬೇಕು?

ಉತ್ತರ: ಇಂತಹ ಸೋಲಿಗೆ ಅನೇಕ ವೇಳೆ ನಿರ್ಧಾರ ಕೈಗೊಳ್ಳುವ ಕ್ರಮವೇ ಕಾರಣವಾಗಿರುತ್ತದೆ. ಮಳೆ ಆರಂಭವಾದಾಗ ಅಥವಾ ಅಪಘಾತದಂತಹ ಸಂದರ್ಭದಲ್ಲಿ ಉಳಿದ ಕಾರುಗಳ ವೇಗ ತಗ್ಗಿಸಲು ಮುಂದೆ ಸಾಗುವ ಸೇಫ್ಟಿ ಕಾರ್ ಟ್ರ್ಯಾಕಿಗೆ ಇಳಿದಾಗ ಟೈರ್ ಬದಲಿಸಬೇಕೇ ಎಂಬುದನ್ನು ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನಿಸಬೇಕಾಗುತ್ತದೆ. ಅಂತಿಮ ಮಾತು ಯಾರದೆಂಬುದು ಸ್ಪರ್ಧೆಗೆ ಮುನ್ನವೇ ನಿಶ್ಚಯವಾಗಿರದಿದ್ದರೆ, ಚರ್ಚೆ ಮುಗಿಯುವಷ್ಟರಲ್ಲಿ ಚಾಲಕ ಟೈರ್ ಬದಲಿಸುವ ಪಕ್ಕದ ದಾರಿಯಾದ ಪಿಟ್ ಲೇನಿನ ಪ್ರವೇಶವನ್ನು ದಾಟಿ ಹೋಗಿರುತ್ತಾನೆ. ಆದ್ದರಿಂದ ರೇಡಿಯೋದಲ್ಲಿ ಚಾಲಕನೊಡನೆ ಮಾತನಾಡುವ ಹೊಣೆ ಅವನ ರೇಸ್ ಎಂಜಿನಿಯರ್ ಒಬ್ಬರಿಗೇ ಇರುವುದು ಒಳ್ಳೆಯದು.

2023ರ ಕತಾರ್ ಗ್ರ್ಯಾನ್ ಪ್ರಿ ಎಂಬ ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ಮೆಕ್‌ಲಾರೆನ್ ತಂಡದ ಸಿಬ್ಬಂದಿ ದಾಖಲೆಯ 1.80 ಸೆಕೆಂಡುಗಳಲ್ಲಿ ನಾಲ್ಕೂ ಟೈರ್‌ಗಳನ್ನು ಬದಲಿಸಿದರು. ಆದರೂ ದಾಖಲೆಗಿಂತ ಸ್ಥಿರತೆಯೇ ಮುಖ್ಯವೆಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ಒಂದೇ ಒಂದು ಚಕ್ರದ ನಟ್ ಸಿಕ್ಕಿಕೊಂಡರೂ ಇಡೀ ಸ್ಪರ್ಧೆ ಕೈತಪ್ಪಬಹುದು.

ಹಣದ ವಿಷಯದಲ್ಲಿ, ಬಿಡಿಭಾಗಗಳಿಗೆ ಬೇಕಾದ ಮೊತ್ತವನ್ನು ಋತುವಿನ ಆರಂಭದಲ್ಲೇ ಬೇರೆಯಾಗಿ ಎತ್ತಿಡಬೇಕು. ಫಾರ್ಮುಲಾ ಒನ್‌ನಲ್ಲಿ 2021ರಿಂದ ವೆಚ್ಚಕ್ಕೆ ಮಿತಿಯಿರುವುದರಿಂದ ದೊಡ್ಡ ತಂಡಗಳಿಗೂ ಅಪಘಾತದ ದುರಸ್ತಿ ಹೊರೆಯೇ ಆಗಿದೆ.

ಸ್ಪರ್ಧೆಯ ನಂತರದ ಸಭೆಯಲ್ಲಿ, ಯಾರು ತಪ್ಪಿದರು ಎನ್ನುವುದಕ್ಕಿಂತ ಏನು ತಪ್ಪಿತು ಎಂದು ಕೇಳಿರಿ. ಬೈಗುಳಕ್ಕೆ ಹೆದರಿದ ಮೆಕ್ಯಾನಿಕ್ ಸಡಿಲ ಬೋಲ್ಟಿನ ವಿಷಯವನ್ನು ಮುಚ್ಚಿಟ್ಟರೆ ಚಾಲಕನ ಪ್ರಾಣಕ್ಕೇ ಅಪಾಯವಾಗಬಹುದು.