ಲಂಡನ್ನಿನ ಚಳಿಗಾಲಕ್ಕೆ ಟ್ರೆಂಚ್ ಕೋಟ್ ಒಂದೇ ಸಾಕೇ?

ಅಕ್ಟೋಬರಿನಲ್ಲಿ ಓದಲು ಲಂಡನ್ನಿಗೆ ಹೊರಟಿರುವ ತಾವು, ಟ್ರೆಂಚ್ ಕೋಟ್ ಒಂದರಲ್ಲೇ ಚಳಿಗಾಲ ಕಳೆಯಬಹುದೇ, ಅದರ ಅಳತೆಯನ್ನು ಹೇಗೆ ನೋಡಬೇಕು ಎಂದು ಕೇಳಿದ್ದೀರಿ. ಒಂದರಲ್ಲೇ ಕಳೆಯುವುದು ಕಷ್ಟ. ಟ್ರೆಂಚ್ ಕೋಟ್ ಮೂಲತಃ ಗಾಳಿ-ಮಳೆಗೆಂದು ಹುಟ್ಟಿದ ಉಡುಪು. ಇಂಗ್ಲೆಂಡಿನ ಬಟ್ಟೆ ವ್ಯಾಪಾರಿ ಥಾಮಸ್ ಬರ್ಬೆರಿ 1879ರಲ್ಲಿ ರೂಪಿಸಿದ ಗ್ಯಾಬರ್ಡೀನ್ ಎಂಬ ಒತ್ತು ನೇಯ್ಗೆಯ ಬಟ್ಟೆ ತುಂತುರು ಮಳೆಯನ್ನು ತಡೆಯುತ್ತದೆಯಾದರೂ ಮೈಯ ಬಿಸಿಯನ್ನು ಹಿಡಿದಿಡುವಷ್ಟು ದಪ್ಪವಾಗಿರುವುದಿಲ್ಲ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಇಂಥ ಕೋಟು ತೊಡುತ್ತಿದ್ದ ಬ್ರಿಟಿಷ್ ಸೇನಾಧಿಕಾರಿಗಳಲ್ಲಿ ಅನೇಕರು ಚಳಿಗೆಂದೇ ಅದರೊಳಗೆ ಬಿಚ್ಚಿ ತೆಗೆಯಬಹುದಾದ ಬೆಚ್ಚನೆಯ ಅಸ್ತರನ್ನು ಹಾಕಿಕೊಳ್ಳುತ್ತಿದ್ದರು. ಹೆಗಲ ಮೇಲಿನ ಪಟ್ಟಿಗಳು ಆ ಸೈನಿಕ ಬಳಕೆಯ ಉಳಿಕೆ. ಈಗ ಅವು ಅಲಂಕಾರಕ್ಕಷ್ಟೇ.

ಹಾಗಾಗಿ ಶರತ್ಕಾಲಕ್ಕೂ ವಸಂತಕ್ಕೂ ಟ್ರೆಂಚ್ ಕೋಟ್, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಉಣ್ಣೆಯ ಓವರ್‌ಕೋಟ್ ಎಂದು ಯೋಚಿಸುವುದು ಒಳ್ಳೆಯದು. ಒಂದನ್ನೇ ಕೊಳ್ಳುವಷ್ಟು ಹಣವಿದ್ದರೆ ಉಣ್ಣೆಯದನ್ನೇ ಆರಿಸಿ. ಮಳೆಗೆ ಕೊಡೆ ಇದ್ದೇ ಇದೆ.

ಅಳತೆ ನೋಡುವಾಗ ತೆಳು ಅಂಗಿಯ ಮೇಲೆ ತೊಟ್ಟು ತೀರ್ಮಾನಿಸಬೇಡಿ. ಒಳಗೆ ಸ್ವೆಟರ್ ಹಾಕಿಕೊಂಡು ಗುಂಡಿ ಹಾಕಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಾಗ ಬೆನ್ನು ಬಿಗಿಯದಿದ್ದರೆ ಕೋಟು ಸರಿಯಾಗಿದೆ ಎಂದರ್ಥ. ತಾವು ಗಿಡ್ಡವಾಗಿದ್ದರೆ ಮೊಣಕಾಲಿನ ಕೆಳಗೆ ಇಳಿಯದ ಉದ್ದ ಒಪ್ಪುತ್ತದೆ. ಟ್ರೆಂಚ್ ಕೋಟಿನ ಬೆಲ್ಟನ್ನು ಬಕಲ್‌ಗೆ ಸಿಕ್ಕಿಸುವುದಕ್ಕಿಂತ ಸಡಿಲವಾಗಿ ಗಂಟು ಹಾಕುವುದೇ ನನಗೆ ಚೆಂದ ಕಾಣುತ್ತದೆ. ಇನ್ನೊಂದು ಮಾತು: ಹೊಸ ಕೋಟಿನ ಹಿಂಭಾಗದ ಸೀಳನ್ನು ತಯಾರಕರು ಗುಣಾಕಾರದ ಗುರುತಿನಂತೆ ದಾರದಿಂದ ಹೊಲಿದಿರುತ್ತಾರೆ. ಅದು ಸಾಗಣೆಯಲ್ಲಿ ಬಟ್ಟೆ ಮುದುಡದಿರಲೆಂದು ಹಾಕಿದ್ದು. ತೊಡುವ ಮೊದಲು ಕತ್ತರಿಸಿ ತೆಗೆಯಿರಿ.