ಆ ಬಿಳಿ ಬಲ್ಬು ಬಿಚ್ಚಿಸಿ, ಮೇಷ್ಟ್ರೇ

ಮೂಡಿಗೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ನನಗೀಗ 64. ಕತ್ತಲಾದ ಮೇಲೆ ಚಿಕ್ಕಮಗಳೂರಿನಿಂದ ಊರಿಗೆ ಕಾರು ಓಡಿಸೋಕೆ ಭಯ. ಎದುರು ಗಾಡಿಯ ಲೈಟು ಬಿದ್ದರೆ ರಸ್ತೆಯೇ ಕಾಣುವುದಿಲ್ಲ. ವಯಸ್ಸಾಯ್ತು, ಕಣ್ಣು ತೋರಿಸಿ ಅಂತಾನೆ ಮಗ. ತಪ್ಪು ನನ್ನ ಕಣ್ಣಿನದೋ, ಅವರ ಲೈಟಿನದೋ? ಸಾಕಾಗಿ ಹೋದ ತಿಂಗಳು ನಾನೂ ಬಿಳಿ ಎಲ್‌ಇಡಿ ಬಲ್ಬು ಹಾಕಿಸಿದೆ. ಹಳೇ ಬಲ್ಬು ಡಿಕ್ಕಿಯಲ್ಲೇ ಇದೆ."

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲರ್ಧ ಓದಿ ನಿಮ್ಮ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಕೊನೆಯ ಎರಡು ಸಾಲು ಓದಿ ಬೇಜಾರಾಯಿತು.

ಕಣ್ಣಿನ ವಿಷಯ ಮೊದಲು ಮುಗಿಸೋಣ. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗುತ್ತದೆ, ಒಳಗೆ ಬಂದ ಬೆಳಕು ಚೆದುರುತ್ತದೆ, ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಪೊರೆ ಬಂದಿದ್ದರೆ ಇನ್ನೂ ಜಾಸ್ತಿ. ಮಗನ ಮಾತು ಕೇಳಿ, ಒಮ್ಮೆ ತೋರಿಸಿ ಬನ್ನಿ. ಆದರೆ ತಪ್ಪು ನಿಮ್ಮ ಕಣ್ಣಿನದು ಅಂತ ಮಾತ್ರ ಒಪ್ಪಿಕೊಳ್ಳಬೇಡಿ. ನಮ್ಮ ಕಚೇರಿಯ ಹುಡುಗನಿಗೆ ಇನ್ನೂ 24. ಆಲ್ದೂರಿನಿಂದ ಬೈಕಿನಲ್ಲಿ ಬರುತ್ತಾನೆ. ಅವನೂ ಇದನ್ನೇ ಹೇಳುತ್ತಾನೆ.

ಜಾಸ್ತಿ ಬೆಳಕು ಬೇಕು ಅನ್ನುವವರಿಗೂ ಕಾರಣ ಇದೆ. ನಮ್ಮ ರಸ್ತೆಗಳಲ್ಲಿ ಬೀದಿದೀಪ ಇಲ್ಲ, ಹಂಪ್‌ಗಳಿಗೆ ಬಣ್ಣ ಇಲ್ಲ, ತಿರುವಿನಲ್ಲಿ ಆನೆ ನಿಂತಿರಬಹುದು. ಸರಿ. ಆದರೆ ಬೆಳಕು ಬೀಳಬೇಕಾದ್ದು ರಸ್ತೆಯ ಮೇಲೆ, ಎದುರಿನವನ ಮುಖದ ಮೇಲಲ್ಲ.

ನಿಮ್ಮ ಡಿಕ್ಕಿಯಲ್ಲಿರುವ ಹಳೇ ಬಲ್ಬನ್ನು ತೆಗೆದು ನೋಡಿ. ಬುಡದಲ್ಲಿ 60/55 ವ್ಯಾಟ್ ಅಂತ ಇದ್ದರೆ, ಗಾಜಿನೊಳಗೆ ಎರಡು ತಂತಿಸುರುಳಿ ಕಾಣುತ್ತವೆ. ಒಂದರ ಕೆಳಗೆ ಉಗುರಿನಷ್ಟು ತಗಡಿನ ಬಟ್ಟಲು ಇರುತ್ತದೆ. ಡಿಮ್ ಹಾಕಿದಾಗ ಉರಿಯುವುದು ಆ ಬಟ್ಟಲಿನ ಮೇಲಿನ ಸುರುಳಿ. ಕೆಳಕ್ಕೆ ಹೋಗುವ ಬೆಳಕನ್ನು ಬಟ್ಟಲು ತಡೆಯುತ್ತದೆ. ಬಲ್ಬಿನ ಹಿಂದಿನ ಕನ್ನಡಿಯ ಮೇಲಿನರ್ಧಕ್ಕೆ ಮಾತ್ರ ಬಡಿದ ಬೆಳಕು ರಸ್ತೆಗೆ ಇಳಿಯುತ್ತದೆ. ಎಷ್ಟು ಲೆಕ್ಕ ಹಾಕಿ ಮಾಡಿದ್ದಾರೆ ನೋಡಿ! ಸುರುಳಿ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಆ ಲೆಕ್ಕ ಕೆಡುತ್ತದೆ. ಅಂಗಡಿಯವನು ಆ ಕನ್ನಡಿ ಇರುವ ಅದೇ ಡೂಮಿಗೆ ಸಿಕ್ಕಿದ ಎಲ್‌ಇಡಿ ತುರುಕುತ್ತಾನೆ. ಬೆಳಕು ಮರದ ತುದಿಗೂ ಹೋಗುತ್ತದೆ, ಎದುರಿನವನ ಕಣ್ಣಿಗೂ ಹೋಗುತ್ತದೆ. ಡಿಮ್ ಹಾಕಿದರೂ ಅಷ್ಟೇ.

ಕಾನೂನಿನಲ್ಲಿ ಇದಕ್ಕೆ ಅವಕಾಶ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಅಳತೆ ಕೊಟ್ಟೇ ಹೇಳಿದೆ. ಲೈಟಿನಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಕುಕ್ಕಬಾರದು. ಅದು ನಿಮ್ಮಂಥವರ ಕಣ್ಣೇ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟುಗಳ ಮೇಲೆ ಸಾವಿರಾರು ಕೇಸು ಹಾಕಿದರು. ಆ ಬಿಸಿ ಇನ್ನೊಂದಿಷ್ಟು ದಿನ ಇರಬೇಕಿತ್ತು.

ಎರಡು ವರ್ಷದ ಹಿಂದೆ ಬೇಲೂರಿನಿಂದ ರಾತ್ರಿ ಬರುತ್ತಿದ್ದೆ. ಎದುರಿನ ಜೀಪಿಗೆ ಮೂರು ಸಲ ಡಿಪ್ ಕೊಟ್ಟೆ, ಅವನು ಡಿಮ್ ಮಾಡಲಿಲ್ಲ. ಗಾಡಿ ಗಂಟೆಗೆ 60ರಲ್ಲಿದ್ದರೆ ಮೂರು ಸೆಕೆಂಡಿಗೆ 50 ಮೀಟರ್ ದಾಟುತ್ತದೆ. ಆ 50 ಮೀಟರ್ ನಾನು ಕುರುಡನಂತೆಯೇ ಓಡಿಸಿದೆ. ಕಣ್ಣು ತಿಳಿಯಾದಾಗ ಎಡಗಡೆ ಕನ್ನಡಿಗೆ ಒಂದು ಗೇಣು ದೂರದಲ್ಲಿ ಹೆಂಗಸೊಬ್ಬಳು ನಿಂತಿದ್ದಳು. ತೋಟದ ಕೆಲಸ ಮುಗಿಸಿ ಬರುತ್ತಿದ್ದವಳು. ತಲೆಗೆ ಟವೆಲ್ ಸುತ್ತಿದ್ದಳು, ಕೈಯಲ್ಲಿ ಟಿಫನ್ ಕ್ಯಾರಿಯರ್. ಮಗುವನ್ನು ಚರಂಡಿ ಕಡೆಗೆ ಎಳೆದು ಹಿಡಿದಿದ್ದಳು. ಆ ಕ್ಯಾರಿಯರ್ ಮಿಂಚಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ನಮ್ಮ ದೊಡ್ಡಪ್ಪನ ಅಂಬಾಸಿಡರ್‌ನಲ್ಲಿ ಡಿಮ್ ಗುಂಡಿ ನೆಲದಲ್ಲಿತ್ತು, ಕ್ಲಚ್ಚಿನ ಪಕ್ಕ. ಎದುರು ಲೈಟು ಕಂಡರೆ ಸಾಕು, ಎಡಗಾಲಿನಲ್ಲಿ ಟಕ್ ಅಂತ ಒತ್ತುತ್ತಿದ್ದರು. ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದಿನ ಸೀಟಿನಲ್ಲಿ ನಿದ್ದೆಗಣ್ಣಲ್ಲಿ ಆ ಟಕ್ ಟಕ್ ಕೇಳುತ್ತಾ ಮಲಗುತ್ತಿದ್ದೆವು. ಎದುರಿನ ಲಾರಿಯೂ ಡಿಮ್ ಮಾಡುತ್ತಿತ್ತು. ಹೆಸರು ಗೊತ್ತಿಲ್ಲದ ಇಬ್ಬರು ಕತ್ತಲಲ್ಲಿ ನಮಸ್ಕಾರ ಹೇಳಿಕೊಂಡ ಹಾಗೆ. ಈಗ ಗುಂಡಿ ಬೆರಳ ತುದಿಯಲ್ಲೇ ಇದೆ, ಒತ್ತುವವರು ಕಡಿಮೆಯಾಗಿದ್ದಾರೆ.

ಬರೀ ಗಾಡಿಗಳ ಕಥೆಯೂ ಅಲ್ಲ ಇದು. ಗುಡ್ಡದ ಮೇಲಿನ ಹೋಂಸ್ಟೇಗಳು ಬೆಳಗಿನವರೆಗೂ ಕಣಿವೆಗೆ ಫ್ಲಡ್‌ಲೈಟ್ ಬಿಡುತ್ತವೆ. ಮುಂಗಾರಿಗೆ ಮುಂಚೆ ಮರ ತುಂಬ ಮಿಣುಕುತ್ತಿದ್ದ ಮಿಂಚುಹುಳ ಅಂಥ ಕಡೆ ಈಗ ಎಲ್ಲಿವೆ? ಅವು ಜೋಡಿ ಹುಡುಕುವುದೇ ಆ ಮಿಣುಕಿನಿಂದ. ನಮ್ಮ ಬೆಳಕಿನಲ್ಲಿ ಅವುಗಳ ಬೆಳಕು ಕಾಣುವುದಿಲ್ಲ. ಮದುವೆ ಮನೆಯ ಸೌಂಡಿಗೂ ಇದೇ ರೋಗ. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂದರೂ ಕಡಿಮೆ ಮಾಡುವುದಿಲ್ಲ. ನನ್ನದು ಜೋರಾಗಿರಬೇಕು, ಪಕ್ಕದವನು ಏನಾದರೂ ಮಾಡಿಕೊಳ್ಳಲಿ. ಮೊದಲು ನಾವು ಹೀಗಿರಲಿಲ್ಲ, ಅಲ್ವಾ?

ಅದಕ್ಕೇ ನಿಮ್ಮ ಮೇಲೆ ನನಗೆ ಕೋಪ, ಮೇಷ್ಟ್ರೇ. ಎಷ್ಟು ಮಕ್ಕಳಿಗೆ ಪಾಠ ಹೇಳಿದವರು ನೀವು. ಬೇರೆಯವರು ಕಣ್ಣಿಗೆ ಹೊಡೆದರೆಂದು ನೀವೂ ಹೊಡೆಯುವುದಾ? ನಿಮ್ಮ ಎದುರು ಬರುವ ಸ್ಕೂಟರಿನಲ್ಲಿ ನಿಮ್ಮದೇ ಹಳೇ ವಿದ್ಯಾರ್ಥಿ ಇರಬಹುದು. ಮಂಜು ಬಿದ್ದಾಗ ಆ ಬೆಳಕಿನಿಂದ ನಿಮಗೂ ಉಪಯೋಗ ಇಲ್ಲ. ಮೇಲಕ್ಕೆ ಹೋದ ಬೆಳಕು ಮಂಜಿಗೆ ಬಡಿದು ವಾಪಸ್ ಬರುತ್ತದೆ, ಮುಂದೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ.

ಈ ಭಾನುವಾರ ಹಳೇ ಬಲ್ಬು ಹಾಕಿಸಿ. ಲೈಟಿನ ಮುಂದಿನ ಪ್ಲಾಸ್ಟಿಕ್ ಹೊದಿಕೆ ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಿ, ಕಳೆದುಹೋದ ಬೆಳಕು ಬಹಳಷ್ಟು ಅಲ್ಲೇ ಸಿಗುತ್ತದೆ. ಸ್ಟೇರಿಂಗಿನ ಪಕ್ಕ 0, 1, 2, 3 ಅಂತ ಬರೆದ ಪುಟ್ಟ ಚಕ್ರ ಇದ್ದರೆ, ಹಿಂದೆ ಕಾಫಿ ಮೂಟೆ ಹೇರಿದ ದಿನ ಅದನ್ನು ತಿರುಗಿಸಿ. ಭಾರಕ್ಕೆ ಎದ್ದ ಲೈಟು ಕೆಳಗಿಳಿಯುತ್ತದೆ. ಆಮೇಲೆ ಮಗನನ್ನು ಗಾಡಿಯ ಮುಂದೆ ಎಂಟು ಮೀಟರ್ ದೂರ ನಿಲ್ಲಿಸಿ, ಡಿಮ್ ಹಾಕಿ ಕೇಳಿ, ಕುಕ್ಕುತ್ತದಾ ಅಂತ. ಏನಂದ ಅಂತ ನನಗೆ ಬರೆಯಿರಿ. ತಿಂಗಳ ಕೊನೆಗೆ ಮೂಡಿಗೆರೆಗೆ ಬರುವವನಿದ್ದೇನೆ, ಅದೂ ರಾತ್ರಿಯೇ.