ಆಪ್ತಸಲಹೆ ಪ್ರಕರಣ: ಅರ್ಧಕ್ಕೇ ವಾಪಸಾದ ರೈಟರ ಮಗ

ಈ ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ತೋಟದ ಹೆಸರು, ಕಂಪನಿಯ ಹೆಸರು ಎರಡೂ ಇಲ್ಲಿಲ್ಲ. ಬರೆದದ್ದನ್ನು ಅವನಿಗೂ ಓದಲು ಕೊಟ್ಟಿದ್ದೆ. ಒಂದೆರಡು ಕಡೆ ತಿದ್ದಿಸಿದ.

ಜುಲೈ ತಿಂಗಳು, ಚಿಕ್ಕಮಗಳೂರಿನಲ್ಲಿ ಬಿಡದೆ ಮಳೆ. ಅಮ್ಮ ಅವನನ್ನು ಕರೆದುಕೊಂಡು ಬಂದಿದ್ದರು. ಆಲ್ದೂರು ಕಡೆಯ ಕಾಫಿ ತೋಟವೊಂದರಲ್ಲಿ ಅವನ ಅಪ್ಪ ಇಪ್ಪತ್ತು ವರ್ಷಗಳಿಂದ ರೈಟರು, ಅಂದರೆ ಕೆಲಸದವರ ಹಾಜರಿ, ಕೂಲಿಯ ಲೆಕ್ಕ ಬರೆಯುವವರು. ಹುಡುಗನಿಗೆ ಇಪ್ಪತ್ನಾಲ್ಕು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಹನ್ನೆರಡು ತಿಂಗಳ ತರಬೇತಿ ವೀಸಾದ ಮೇಲೆ ಅಮೆರಿಕದ ಕೊಲೊರಾಡೊಗೆ, ದೊಡ್ಡದೊಂದು ಸ್ಕೀ ರೆಸಾರ್ಟ್ (ಹಿಮದ ಇಳಿಜಾರಿನಲ್ಲಿ ಜಾರುವ ಆಟದ ತಾಣ) ಕಂಪನಿಗೆ ಹೋಗಿದ್ದ. ಎಂಟೇ ತಿಂಗಳಿಗೆ ಬಂದುಬಿಟ್ಟ. ನೆಂಟರಿಗೆಲ್ಲ 'ವೀಸಾದಲ್ಲಿ ಏನೋ ತೊಂದರೆ' ಎಂದು ಹೇಳಿ ಆಗಿತ್ತು.

"ರಾತ್ರಿ ನಿದ್ದೆ ಮಾಡಲ್ಲ ಮೇಡಂ. ಸೋದರಮಾವನ ಮಗಳ ಮದುವೆಗೂ ಬರಲಿಲ್ಲ. ಅಪ್ಪನ ಎದುರು ಕೂತು ಊಟ ಮಾಡಲ್ಲ" ಎಂದರು ಅಮ್ಮ. ಕೊನೆಯ ಮಾತನ್ನು ನಾನು ಬರೆದಿಟ್ಟುಕೊಂಡೆ.

ಅವರನ್ನು ಹೊರಗೆ ಕೂರಿಸಿ ಅವನೊಬ್ಬನ ಜೊತೆ ಮಾತಾಡಿದೆ. ಮೊದಲ ಅರ್ಧ ಗಂಟೆ ಹಿಮದ ಬಗ್ಗೆಯೇ ಹೇಳಿದ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ರಾಜ್ಯದಲ್ಲಿ ಅದಕ್ಕಿಂತ ಎತ್ತರ ಇಲ್ಲ. ಅವನು ಮಲಗುತ್ತಿದ್ದ ಊರೇ ಅದಕ್ಕಿಂತ ಐನೂರು ಮೀಟರ್‌ಗೂ ಹೆಚ್ಚು ಮೇಲಿತ್ತು. ಮೊದಲ ವಾರ ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಿಗ್ಗೆ ಎದ್ದರೆ ಮೂಗಿನಲ್ಲಿ ರಕ್ತ. ಕೆಲಸಗಾರರಿಗೆ ಸ್ಕೀ ಪಾಸ್ ಪುಕ್ಕಟೆ ಸಿಗುತ್ತಿತ್ತು. ಅಲ್ಲಿ ಇಳಿಜಾರಿನ ಕಷ್ಟಕ್ಕೆ ಬಣ್ಣದ ಗುರುತು: ಹಸಿರು ಸುಲಭ, ನೀಲಿ ಮಧ್ಯಮ, ಕಪ್ಪು ವಜ್ರ ಪಳಗಿದವರಿಗೆ. ಜನವರಿಯ ಒಂದು ಬೆಳಿಗ್ಗೆ, ಪೆರು ದೇಶದ ಗೆಳೆಯನ ಹಿಂದೆ ಮೊದಲ ಸಲ ನೀಲಿ ಇಳಿಜಾರನ್ನು ಬೀಳದೆ ಇಳಿದದ್ದನ್ನು ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು, ಕೈ ಗಾಳಿಯಲ್ಲಿ ತಿರುವು ತೆಗೆದುಕೊಂಡಿತು. ಅಲ್ಲಿ ಕಂಡ ಸುಖವೂ ನಿಜ. ಅದನ್ನು ಅವನಿಂದ ಕಿತ್ತುಕೊಳ್ಳಬಾರದು ಎಂದು ಆಗಲೇ ನಿರ್ಧರಿಸಿದೆ.

"ಕೆಲಸ ಏನು?" ಎಂದೆ. ಬೆನ್ನು ಮತ್ತೆ ಬಾಗಿತು.

ಕಾಗದದಲ್ಲಿ ಇದ್ದದ್ದು ಮೂರು ವಿಭಾಗಗಳ ತರಬೇತಿ: ರೆಸ್ಟೋರೆಂಟ್, ಫ್ರಂಟ್ ಆಫೀಸ್, ಬ್ಯಾಂಕ್ವೆಟ್. ಮಾಡಿದ್ದು ಬೆಟ್ಟದ ಅರ್ಧದಲ್ಲಿರುವ ಕೆಫೆಟೇರಿಯಾದಲ್ಲಿ ಎಂಜಲು ಟ್ರೇ ಎತ್ತುವುದು, ಪಾತ್ರೆ ಯಂತ್ರಕ್ಕೆ ತುಂಬುವುದು, ಹಿಮದ ಬೂಟುಗಳಿಂದ ಕೆಸರಾದ ನೆಲ ಒರೆಸುವುದು. ಬೆಳಕು ಹರಿಯುವ ಮುಂಚೆ ಗೊಂಡೋಲಾ ಎಂಬ ತಂತಿ ತೊಟ್ಟಿಲಲ್ಲಿ ಮೇಲೆ ಹೋದರೆ ಕತ್ತಲಾದ ಮೇಲೆ ಕೆಳಗೆ. ಅಲ್ಲಿ ಮಾರುವ ಒಂದು ಬರ್ಗರ್, ಆಲೂ ಫ್ರೈಸ್ ಸೇರಿದರೆ ಅವನ ಒಂದು ಗಂಟೆಯ ಕೂಲಿಗಿಂತ ಜಾಸ್ತಿ. ಕಂಪನಿ ಕೊಟ್ಟ ಕೋಣೆಯಲ್ಲಿ ನಾಲ್ಕು ಜನ. ಬಾಡಿಗೆಯನ್ನು ಸಂಬಳದಲ್ಲೇ ಹಿಡಿಯುತ್ತಿದ್ದರು. ಹಿಮ ಚೆನ್ನಾಗಿ ಬಿದ್ದ ವಾರ ಐವತ್ತು ಗಂಟೆ ಕೆಲಸ, ಬೀಳದ ವಾರ ಹದಿನೈದು. ಏಪ್ರಿಲ್ ಮಧ್ಯದಲ್ಲಿ ಬೆಟ್ಟ ಹತ್ತಿಸುವ ಲಿಫ್ಟ್‌ಗಳು ನಿಂತು ಊರಿಗೆ ಊರೇ ಖಾಲಿಯಾದ ಮೇಲಂತೂ ಕೆಲಸವೇ ಇಲ್ಲ, ಬಾಡಿಗೆ ಮಾತ್ರ ನಿಲ್ಲಲಿಲ್ಲ.

"ನನ್ನನ್ನ ಕರೀತಿರಲಿಲ್ಲ ಅಂದ್ರೆ ನನ್ನ ಕೆಲಸವೇ ಸರಿಯಿಲ್ಲ ಅಂದ್ಕೊಂಡೆ ಮೇಡಂ."

ಆತ್ಮಹತ್ಯೆಯ ಯೋಚನೆ ಬಂದಿತ್ತೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಹೊರೆ ಇಳಿಯುತ್ತದೆ. ಮೇ ತಿಂಗಳಲ್ಲಿ ಎರಡು ರಾತ್ರಿ ಬಂದಿತ್ತು, ಊರಿಗೆ ಬಂದ ಮೇಲೆ ಇಲ್ಲ ಎಂದ. ರಾಕಿ ಪರ್ವತ ಸೀಮೆಯ ರಾಜ್ಯಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅಮೆರಿಕದ ಸರಾಸರಿಗಿಂತ ಹೆಚ್ಚು. ಅಂದವಾದ ಊರು, ದುಬಾರಿ ಬದುಕು, ಋತು ಮುಗಿದರೆ ಚದುರಿಹೋಗುವ ಸ್ನೇಹ. ಅವನೊಬ್ಬನಿಗೇ ಹಾಗಾಗಿದ್ದಲ್ಲ ಎಂದು ಹೇಳಿದೆ. ಖಿನ್ನತೆಯ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 14 ಬಂತು, ಅಂದರೆ ಮಧ್ಯಮ ಮಟ್ಟ. ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಪತ್ರ ಕೊಟ್ಟೆ. ರಾತ್ರಿ ಹೊತ್ತು ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಫೋನಿನಲ್ಲಿ ನಂಬರ್ ಹಾಕಿಸಿದೆ. ಅಮ್ಮನಿಗೂ ಅವನ ಎದುರೇ ತಿಳಿಸಿದೆ.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. 'ಅಪ್ಪನಿಗೆ ಎಲ್ಲಾ ಹೇಳಿಬಿಡು' ಎಂದೆ. ಅವನು ತಲೆ ಆಡಿಸಿ ಹೋದವನು ಎರಡು ವಾರ ಬರಲಿಲ್ಲ. ಅಷ್ಟು ಬೇಗ ಕೇಳಬಾರದಿತ್ತು, ಯಾಕೆ ಹೇಳಲಾರ ಎಂಬುದೇ ನನಗೆ ಆಗ ಗೊತ್ತಿರಲಿಲ್ಲ. ತಿರುಗಿ ಬಂದಾಗ ಅವನೇ ಹೇಳಿದ: "ಅಪ್ಪ ದಿನಾ ಬೆಳಿಗ್ಗೆ ಕೂಲಿಯವರ ಲೈನ್ ಮನೆ ಮುಂದೆ ನಿಂತು ಹೆಸರು ಕೂಗ್ತಾರೆ. ಹಣ್ಣು ಕುಯ್ಯೋಕೆ ಅಸ್ಸಾಮಿಂದ ಬಂದವರು ಒಂದೊಂದು ಕೋಣೇಲಿ ನಾಲ್ಕೈದು ಜನ ಇರ್ತಾರೆ. ಚಿಕ್ಕವನಿದ್ದಾಗ ಆ ಕಡೆ ಆಡಕ್ಕೆ ಹೋದ್ರೆ ಅಪ್ಪ ಬೈತಿದ್ರು. ನಾನು ಅಲ್ಲಿ ಲೈನ್ ಮನೇಲೇ ಇದ್ದೆ ಮೇಡಂ. ಅದನ್ನ ಹೆಂಗೆ ಹೇಳ್ಲಿ?"

ಗಂಟು ಸಿಕ್ಕಿತು. ಅವನನ್ನು ಹಣ್ಣು ಮಾಡಿದ್ದು ಟ್ರೇ ಎತ್ತುವ ಕೆಲಸವಲ್ಲ. ಎಂಟು ತಿಂಗಳು ಅದನ್ನು ಮುಚ್ಚಿಟ್ಟದ್ದು. ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಸೂಟು ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಹಿಂದಿನ ಮೂರು ಮಂಚ ಕಾಣದಂತೆ ಕೂರುತ್ತಿದ್ದನಂತೆ.

ಆ ಉದ್ಯಮ ಹೇಗೆ ನಡೆಯುತ್ತದೆ ಎಂದು ನಾನೂ ಒಂದಿಷ್ಟು ಓದಿಕೊಂಡೆ, ಅವನ ಜೊತೆ ಕೂತು ಚರ್ಚಿಸಿದೆ. 2008ರಲ್ಲಿ ವೇಲ್ ರೆಸಾರ್ಟ್ಸ್ ಎಂಬ ಸ್ಕೀ ಕಂಪನಿ ಎಪಿಕ್ ಪಾಸ್ ತಂದಿತು, ಹತ್ತು ವರ್ಷದ ನಂತರ ಐಕಾನ್ ಪಾಸ್ ಬಂತು. ಇಡೀ ಋತುವಿನ ಪಾಸನ್ನು ಹಿಮ ಬೀಳುವ ಮುಂಚೆಯೇ ಮಾರಿಬಿಡುತ್ತಾರೆ. ಹಿಮ ಕಡಿಮೆಯಾದರೂ ಪಾಸಿನ ದುಡ್ಡು ಕಂಪನಿಗಳ ಕೈ ಸೇರಿರುತ್ತದೆ. ಗಂಟೆ ಲೆಕ್ಕದಲ್ಲಿ ದುಡಿಯುವವನಿಗೆ ಅಂಥ ಆಸರೆ ಇಲ್ಲ. ಆಕಾಶ ಕೈಕೊಟ್ಟರೆ ಅವನ ಚೀಟಿಯಲ್ಲೇ ಗಂಟೆ ಕಡಿತ. 'ನಿನ್ನನ್ನು ಕರೆಯದಿದ್ದದ್ದು ನೀನು ಸರಿಯಿಲ್ಲ ಅಂತಲ್ಲ' ಎಂದು ಬರೀ ಬಾಯಲ್ಲಿ ಹೇಳಿದಾಗ ಅವನು ನಂಬಿರಲಿಲ್ಲ. ಈ ಲೆಕ್ಕ ನೋಡಿದ ಮೇಲೆ ಸ್ವಲ್ಪ ನಂಬಿದ. 2024ರ ಡಿಸೆಂಬರ್ 27ರಿಂದ ಸುಮಾರು ಎರಡು ವಾರ ಯೂಟಾದ ಪಾರ್ಕ್ ಸಿಟಿಯಲ್ಲಿ ಸ್ಕೀ ಗಸ್ತಿನವರು ಮುಷ್ಕರ ಹೂಡಿದ್ದನ್ನೂ ಹೇಳಿದೆ. ಬಿದ್ದವರನ್ನು ಎತ್ತುವವರು, ಹಿಮಕುಸಿತ ತಡೆಯುವವರು ಅವರು. ಆರಂಭದ ಕೂಲಿಯನ್ನು ಗಂಟೆಗೆ 21 ಡಾಲರಿಂದ 23ಕ್ಕೆ ಏರಿಸಿ ಎಂದು ಕೇಳಿದ್ದರು, ಪಡೆದರು. "ಅವರು ಅಲ್ಲಿಯವರು ಮೇಡಂ, ಬಾಯಿ ಬಿಡಬಹುದು. ನಂದು ವೀಸಾ" ಎಂದ. ಆ ಮಾತಿನಲ್ಲಿ ಸತ್ಯ ಇತ್ತು, ವಾದಿಸಲಿಲ್ಲ.

ಆದರೆ ಆ ವೀಸಾಕ್ಕೂ ನಿಯಮಗಳಿವೆ. ಜೆ-1 ಎಂಬ ಆ ವೀಸಾದ ತರಬೇತಿ ವಾರಕ್ಕೆ ಕನಿಷ್ಠ 32 ಗಂಟೆ ಇರಬೇಕು. ಹೋಟೆಲ್ ಕ್ಷೇತ್ರದಲ್ಲಿ ಆರು ತಿಂಗಳು ಅಥವಾ ಹೆಚ್ಚಿನ ತರಬೇತಿಯಾದರೆ ಕನಿಷ್ಠ ಮೂರು ವಿಭಾಗಗಳಲ್ಲಿ ಕಲಿಸಬೇಕು. ಕೌಶಲ ಬೇಡದ ಕೂಲಿಗೆ ಹಾಕುವಂತಿಲ್ಲ. ಇದೆಲ್ಲ ಡಿಎಸ್-7002 ಎಂಬ ಯೋಜನಾಪತ್ರದಲ್ಲಿ ಇರುತ್ತದೆ, ಹುಡುಗನ ಸಹಿಯೂ ಇರುತ್ತದೆ. ಅವನು ಅದನ್ನು ಓದದೆ ಸಹಿ ಹಾಕಿದ್ದ. ಏಜೆಂಟ್ 'ಇಲ್ಲಿ, ಇಲ್ಲಿ' ಎಂದು ಬೆರಳಿಟ್ಟು ತೋರಿಸಿದ್ದನಂತೆ. ಮಕ್ಕಳನ್ನು ಕಳಿಸಲು ಹೊರಟ ಅಪ್ಪ ಅಮ್ಮಂದಿರಿಗೆ ನನ್ನ ಕಳಕಳಿಯ ಮಾತು ಇದು: ಒಡವೆ ಅಡವಿಡುವ ಮುಂಚೆ ಆ ಪತ್ರವನ್ನು ಸಾಲು ಸಾಲಾಗಿ ಓದಿಸಿ ಕೇಳಿ. ಕಳಿಸಿದ ಮೇಲೆ 'ಎಷ್ಟು ಉಳಿಸಿದೆ' ಎಂಬ ಪ್ರಶ್ನೆಯನ್ನು ಆರು ತಿಂಗಳಾದರೂ ನುಂಗಿಕೊಳ್ಳಿ. 'ಇವತ್ತು ಏನು ಕೆಲಸ ಇತ್ತು' ಎಂದು ಕೇಳಿ, ಉತ್ತರ ಏನೇ ಬಂದರೂ ಮುಖ ಸಿಂಡರಿಸಬೇಡಿ.

ಹುಡುಗನಿಗೆ ಮುಖ್ಯವಾಗಿ ಕೊಟ್ಟ ಸಲಹೆ ಒಂದೇ. ತೋಟದಲ್ಲಿ ಅಪ್ಪ ಬರೆಯುವ ಚೆಕ್‌ರೋಲ್ ಅವನಿಗೆ ಬಾಲ್ಯದಿಂದ ಗೊತ್ತು: ಹೆಸರು, ದಿನ, ಕೆಲಸ, ಕೂಲಿ. "ನಿನ್ನ ಎಂಟು ತಿಂಗಳನ್ನು ಹಾಗೇ ಬರಿ" ಎಂದೆ. ಅಳು ಬೇಡ, ಸಮರ್ಥನೆ ಬೇಡ. ವಾರ, ಕೆಲಸ, ಗಂಟೆ, ಕೈಗೆ ಬಂದದ್ದು, ಬಾಡಿಗೆಗೆ ಹೋದದ್ದು. ಕೊನೆಯ ಕಾಲಂನಲ್ಲಿ ಆ ವಾರ ಕಲಿತದ್ದು ಏನಾದರೂ ಇದ್ದರೆ ಅದು. ಸಂಬಳದ ಚೀಟಿಗಳು ಫೋನಿನಲ್ಲೇ ಇದ್ದವು. ಬರೆಯಲು ನಾಲ್ಕು ವಾರ ಹಿಡಿಯಿತು. ಕೊನೆಯ ಕಾಲಂ ಮೊದಲೆಲ್ಲ ಖಾಲಿ. ಆಮೇಲೆ 'ಸ್ಪ್ಯಾನಿಷ್‌ನಲ್ಲಿ ನೂರು ಮಾತು', 'ಮುನ್ನೂರು ಜನರ ಊಟದ ಹೊತ್ತನ್ನು ಇಬ್ಬರೇ ನಿಭಾಯಿಸಿದ್ದು', 'ನೀಲಿ ಇಳಿಜಾರು' ಎಂದೆಲ್ಲ ಬಂತು. ಜೊತೆಗೆ ನಿದ್ದೆಗೆ ಒಂದೇ ಹೊತ್ತು ಗೊತ್ತು ಮಾಡಿದೆವು, ಫೋನು ಅಡುಗೆಮನೆಯಲ್ಲಿ. ವೈದ್ಯರು ಕೊಟ್ಟ ಮಾತ್ರೆಯನ್ನು ಬಿಡದೆ ತೆಗೆದುಕೊಂಡ.

ಅಮ್ಮನಿಗೆ ಮೊದಲು ಹೇಳಿದ. ಅವರು ಅತ್ತರು, ಅಷ್ಟೇ. ಅಪ್ಪ ಬಂದದ್ದು ಏಳನೇ ಭೇಟಿಗೆ, ಅವನೇ ಕರೆದ ಮೇಲೆ. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ, ಕುರ್ಚಿಯ ತುದಿಯಲ್ಲಿ ಕೂತರು. ಹುಡುಗ ಮಾತಾಡದೆ ಪುಸ್ತಕ ಕೊಟ್ಟ. ಅಪ್ಪ ಕನ್ನಡಕ ಹಾಕಿಕೊಂಡು, ತೋಟದ ಪುಸ್ತಕ ನೋಡುವ ಹಾಗೇ ಬೆರಳಿಟ್ಟು ಓದಿದರು. ನಾನು ಬಾಯಿ ಹಾಕಲಿಲ್ಲ.

"ಕೋಣೆಗೆ ಎಷ್ಟು ಜನ?"

"ನಾಲ್ಕು."

"ಬಾಡಿಗೆ ಸಂಬಳದಲ್ಲೇ ಹಿಡಿದ್ರಾ?"

"ಹೂಂ ಅಪ್ಪ."

"ಹಿಮ ಬೀಳದ ದಿನ?"

"ಕೆಲಸ ಇಲ್ಲ. ಬಾಡಿಗೆ ಮಾತ್ರ ಇರ್ತಿತ್ತು."

ಅಪ್ಪ ಇನ್ನೊಂದು ಪುಟ ತಿರುಗಿಸಿದರು. "ನಮ್ಮ ಲೈನಿಗೆ ಬಾಡಿಗೆ ಹಿಡಿಯಲ್ಲ ಮಗ" ಎಂದರು. ಅವರ ಧ್ವನಿಯಲ್ಲಿ ನಾಚಿಕೆ ಇರಲಿಲ್ಲ, ಸಿಟ್ಟಿತ್ತು, ಆ ಸಿಟ್ಟು ಮಗನ ಮೇಲಲ್ಲ. ದೊಡ್ಡ ತೋಟಗಳಲ್ಲಿ ಕೆಲಸದವರಿಗೆ ಮನೆ ಕೊಡುವುದು ಮಾಲೀಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅವರ ವೃತ್ತಿಬದುಕೆಲ್ಲ ಆ ಲೆಕ್ಕದಲ್ಲೇ ನಡೆದದ್ದು. ಮಗ ಯಾವುದನ್ನು ಅಪ್ಪನಿಂದ ಬಚ್ಚಿಟ್ಟಿದ್ದನೋ ಅದನ್ನು ಓದಬಲ್ಲವರು ಮನೆಯಲ್ಲಿ ಅವರೊಬ್ಬರೇ ಆಗಿದ್ದರು.

ಎಲ್ಲ ಸರಿಹೋಯಿತು ಎನ್ನಲಾರೆ. ಅವನನ್ನು ಕಳಿಸಲು ಮಾಡಿದ ನಾಲ್ಕು ಲಕ್ಷ ಸಾಲದಲ್ಲಿ ಒಂದೂವರೆ ಬಾಕಿ ಇದೆ. ನೆಂಟರಿಗೆ ಹೇಳಿದ ವೀಸಾದ ಸುಳ್ಳು ಹಾಗೇ ಇದೆ. ಅದನ್ನು ಬಿಚ್ಚಲೇಬೇಕು ಎಂದು ನಾನು ಒತ್ತಾಯಿಸಿಲ್ಲ, ಊರಿಗೆಲ್ಲ ಲೆಕ್ಕ ಒಪ್ಪಿಸುವ ಅಗತ್ಯ ಅವನಿಗಿಲ್ಲ. ಮೂಡಿಗೆರೆ ಕಡೆಯ ಹೋಂಸ್ಟೇ ಒಂದರಲ್ಲಿ ವಾರಕ್ಕೆ ಮೂರು ದಿನ ಕೆಲಸ ಹಿಡಿದಿದ್ದಾನೆ. ದೊಡ್ಡ ರೆಸಾರ್ಟಿನಿಂದಲೂ ಕರೆ ಬಂದಿತ್ತು, ಇನ್ನೂ ಎರಡು ತಿಂಗಳು ತಡಿ ಎಂದೆ. ಕಳೆದ ಸಲ ಅದೇ ಖಿನ್ನತೆಯ ಪ್ರಶ್ನಾವಳಿಯಲ್ಲಿ ಅಂಕ 14ರಿಂದ 6ಕ್ಕೆ ಇಳಿದಿತ್ತು. ಎದುರುಬದುರು ಕೂತು ಊಟ ಮಾಡುತ್ತಾರೆ ಎಂದು ಅಮ್ಮ ಫೋನಿನಲ್ಲಿ ಹೇಳಿದರು.

ಮುಂದಿನ ಭೇಟಿಯನ್ನು ನವೆಂಬರ್‌ನಲ್ಲಿ, ಹಣ್ಣು ಕುಯ್ಲು ಶುರುವಾಗುವ ಮುಂಚೆ ಇಟ್ಟುಕೊಂಡಿದ್ದೇವೆ. ವೀಸಾ ಪ್ರಾಯೋಜಕ ಸಂಸ್ಥೆಗೆ ದೂರು ಬರೆಯುವುದೆಂದು ಅಪ್ಪ ಮಗ ತೀರ್ಮಾನಿಸಿದ್ದಾರೆ. ಅದರ ಮೊದಲ ಕರಡನ್ನು ಅಪ್ಪನೇ ಕನ್ನಡದಲ್ಲಿ ಬರೆದಿದ್ದಾರಂತೆ, ವಾರವಾರದ ಗಂಟೆಗಳ ಸಮೇತ.